ಬಲೆಯ ಹೊರಗಿನ ಕೂಗು

ದೆವ್ವ, ಭೂತದ ಮಾತೆತ್ತಿದರೆ ನಗುತ್ತಿದ್ದವನು ನಾನು. ಧ್ವನಿ ಮುದ್ರಿಸುವುದೇ ನನ್ನ ಕಸುಬು; ಯಾವ ಸದ್ದಿಗೂ ಒಂದು ಮೂಲ ಇದ್ದೇ ಇರುತ್ತದೆ ಎಂದು ವಾದಕ್ಕೆ ನಿಲ್ಲುತ್ತಿದ್ದೆ. ಈಗ ಬಾಯಿ ಮುಚ್ಚಿಕೊಂಡಿದ್ದೇನೆ. ನೀವು ನಂಬಲೇಬೇಕೆಂದೇನೂ ಇಲ್ಲ.

ನನ್ನ ಹೆಂಡತಿ ತೀರಿಕೊಂಡಾಗ ಮಗಳು ಅನು ಊಟ ಬಿಟ್ಟಿದ್ದಳು. ಕಡಲ ಕೊಲ್ಲಿಯ ದಡದ ಸ್ಯಾನ್ ಮಟಿಯೋದಲ್ಲಿ ನಮ್ಮ ನೆರೆಯವರು ಮೈಸೂರಿನ ರಾಯರು, ನಿವೃತ್ತ ಪಶುವೈದ್ಯರು. ಅನು ಅವರನ್ನು ತಾತ ಎನ್ನುತ್ತಿದ್ದಳು. ಓರ್ಕಾ ತಿಮಿಂಗಿಲಗಳನ್ನು ತೊಟ್ಟಿಯಲ್ಲಿ ಸಾಕುವುದು ಇನ್ನೂ ಹೊಸದಾಗಿದ್ದ ಕಾಲದಲ್ಲಿ ಅವರು ಅಂಥದೊಂದು ಕಂಪನಿಯಲ್ಲಿದ್ದರು. ಉತ್ತರದ ಸಮುದ್ರದಲ್ಲಿ ಸಿಕ್ಕ ತಾಯಿಯಿಲ್ಲದ ಮರಿಯೊಂದು ತಮ್ಮ ಕೈಯಿಂದಲೇ ಮೀನು ತಿಂದು ಬದುಕಿತೆಂದು ಅವಳಿಗೆ ಕಥೆ ಹೇಳಿದರು. ಆ ಮರಿಯ ಹೆಸರು ಹೇಳಿಕೊಂಡೇ ಅನು ತುತ್ತು ನುಂಗಿದಳು. ನನ್ನ ಪಾಲಿಗೆ ರಾಯರು ದೇವರಾದರು.

ಕೆಲವು ವರ್ಷಗಳ ಹಿಂದೆ ಅವರ ಸಹಸ್ರಚಂದ್ರ ದರ್ಶನ ಶಾಂತಿ ಲಿವರ್‌ಮೋರ್ ದೇವಸ್ಥಾನದಲ್ಲಿ ನಿಶ್ಚಯವಾಯಿತು. ಅಂದು ತೋರಿಸುವ ವಿಡಿಯೋಗೆಂದು ಅವರ ಗರಾಜಿನಿಂದ ಆ ಮರಿಯ ಹಳೆಯ ಟೇಪು ಹುಡುಕಿ ತೆಗೆದೆ. ಸಂಜೆ ಅವರ ಮನೆಯಲ್ಲೇ ಹಾಕಿದೆ. ಅನು ಸೋಫಾದಲ್ಲಿ ಕೂತು ಚಿತ್ರ ಬರೆಯುತ್ತಿದ್ದಳು.

ಮರಿ ಸಣ್ಣ ದನಿಯಲ್ಲಿ ಕೂಗಿತು. ಅದಕ್ಕೆ ಇನ್ನೊಂದು ದಪ್ಪ ದನಿ ಓಗೊಟ್ಟಿತು. ಟೇಪಿನದೇ ಎಂದುಕೊಂಡು ಟೇಪು ನಿಲ್ಲಿಸಿದೆ. ಕೂಗು ನಿಲ್ಲಲಿಲ್ಲ. ಹಿತ್ತಿಲಿನಾಚೆ, ಕೊಲ್ಲಿಯ ಕಡೆಯಿಂದ ಬರುತ್ತಿತ್ತು. ಬಾಗಿಲು ತೆರೆದು ನೋಡಿದೆ. ನೀರು ಹಿಂದೆ ಸರಿಯುವ ಇಳಿತದ ಹೊತ್ತು, ಕಣ್ಣು ಹಾಯುವಷ್ಟು ದೂರ ಬರೀ ಕೆಸರು.

ರಾಯರ ಮುಖ ಬಿಳಿಚಿಕೊಂಡಿತ್ತು. “ಅದರ ತಾಯಿ ಕಣಪ್ಪಾ. ಅವತ್ತೂ ಹಿಂಗೇ, ಬಲೆ ಹೊರಗೆ ಸುತ್ತುತ್ತಾ ಕೂಗ್ತಾನೇ ಇತ್ತು.”

“ತಾಯಿ ಇರ್ಲಿಲ್ಲ ಅಂದಿದ್ರಲ್ಲ, ರಾಯರೇ?”

“ಮರೀನ ನಾವು ಎತ್ಕೊಂಡು ಬಂದ್ಮೇಲೆ ಇರ್ಲಿಲ್ವಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ನನ್ನ ಮಗಳಿಗೆ ಉಣಿಸಿದ್ದು ಇಂಥ ಸುಳ್ಳನ್ನೇ? ನಂಬಿಸಿ ಕತ್ತು ಕೊಯ್ದರು ಎನಿಸಿತು. ಅಂದಿಗೆ ಅವರ ಜೊತೆ ಮಾತು ಬಿಟ್ಟೆ, ಶಾಂತಿಗೂ ಹೋಗಲಿಲ್ಲ.

ಟೇಪನ್ನು ಆಮೇಲೆ ಎಷ್ಟು ಸಲ ಪರೀಕ್ಷಿಸಿದೆನೋ. ಅದರಲ್ಲಿರುವುದು ಮರಿಯ ದನಿ ಒಂದೇ. ಹಾಗಾದರೆ ನಾವು ಕೇಳಿದ್ದು ಏನು? ನನಗೆ ಇಂದಿಗೂ ತಿಳಿಯದು. ಭ್ರಮೆ ಎಂದು ತಳ್ಳಿಹಾಕೋಣವೆಂದರೆ ಅನುವೂ ಕೇಳಿದ್ದಳು. ಆ ಕೂಗನ್ನೂ, ನಮ್ಮ ಮಾತನ್ನೂ.

ಅಂದು ಮನೆಗೆ ನಡೆದು ಬರುವಾಗ ನನ್ನ ಕೈ ಹಿಡಿದು ಕೇಳಿದಳು: “ಸೋ, ನನ್ನ ಅಮ್ಮನೂ ಔಟ್‌ಸೈಡ್ ಇದಾಳಾ, ಅಪ್ಪಾ?”

“ಇಲ್ಲ ಪುಟ್ಟಾ,” ಎಂದೆ.

“ತಾತ ಆಲ್ಸೋ ಸೆಡ್ ದಟ್,” ಎಂದಳು.