ಮುಚ್ಚಳ ತೆಗೆಯದ ಕ್ಯಾಮೆರಾ

ನಮ್ಮ ಬಾಲ್ಕನಿಯಲ್ಲಿ ಕಾಲುಚೀಲ ಒಣಗಿಸುವ ಮೂರು ಕಾಲಿನ ಸ್ಟ್ಯಾಂಡಿಗೆ ನಾನು ತೆತ್ತ ಬೆಲೆ ಹದಿನೆಂಟು ಸಾವಿರ ರೂಪಾಯಿ. ಹೌಹಾರಬೇಡಿ, ಅದರ ಜೊತೆಯಲ್ಲಿ ಅಂಗೈಯಗಲದ ಒಂದು ಡಿಜಿಟಲ್ ವಿಡಿಯೋ ಕ್ಯಾಮೆರಾವೂ ಬಂದಿತ್ತು. ಅಂಗಡಿಯವನ ಲೆಕ್ಕದಲ್ಲಿ ದುಡ್ಡು ಕ್ಯಾಮೆರಾದ್ದು, ಸ್ಟ್ಯಾಂಡು ಪುಕ್ಕಟೆ. ಆದರೆ ಇಷ್ಟು ವರ್ಷಗಳಲ್ಲಿ ಕ್ಯಾಮೆರಾ ಬೀರುವಿನ ಮೇಲಿನ ಪೆಟ್ಟಿಗೆಯಲ್ಲಿ ಕುಂಭಕರ್ಣನ ಸೇವೆ ಸಲ್ಲಿಸುತ್ತಿದ್ದರೆ, ಸ್ಟ್ಯಾಂಡು ಮಾತ್ರ ಫರೀದಾಬಾದಿನ ಧೂಳು, ಬಿಸಿಲು, ಮಂಜುಗಳನ್ನು ಸಮಚಿತ್ತದಿಂದ ಸಹಿಸುತ್ತ ನಮ್ಮ ಮನೆಯ ಕಾಲುಚೀಲಗಳ ಭಾರವನ್ನು ನಿತ್ಯವೂ ಹೊರುತ್ತಿದೆ. ಹೀಗಿರುವಾಗ ದುಡ್ಡು ಯಾವುದಕ್ಕೆ ಸಂದಿತು, ಪುಕ್ಕಟೆ ಬಂದದ್ದು ಯಾವುದು ಎಂಬ ಜಿಜ್ಞಾಸೆ ನನ್ನಂಥ ವ್ಯಾಪಾರಿಯನ್ನು ಕಾಡದೆ ಇರುತ್ತದೆಯೇ?

ನಾನು ಬೇರಿಂಗ್ ವ್ಯಾಪಾರಿ ಬಸಣ್ಣ. ದಾವಣಗೆರೆಯಿಂದ ಒಂದು ಕೈಚೀಲದೊಡನೆ ಬಂದು, ಇಲ್ಲಿನ ಕಾರ್ಖಾನೆಗಳ ಗೇಟುಗಳಲ್ಲಿ ನಿಂತು, ಮೊದಲು ಚೌಕಾಸಿಯನ್ನೂ ಆಮೇಲೆ ಹಿಂದಿಯನ್ನೂ ಕಲಿತವನು. ಮುದ್ರಿತ ಬೆಲೆ ಎಂಬುದು ಸಂಭಾಷಣೆಯ ನಾಂದಿಯಷ್ಟೇ ಎಂಬುದು ನನ್ನ ಜೀವನದರ್ಶನ. ಆಸ್ಪತ್ರೆಯಲ್ಲಿ, ಮದುವೆಯ ಛತ್ರದಲ್ಲಿ, ಒಮ್ಮೆ ಮಗನ ಶಾಲೆಯ ಸಮವಸ್ತ್ರದ ಕೌಂಟರಿನಲ್ಲಿ ಸಹ ನಾನು ಈ ದರ್ಶನವನ್ನು ಆಚರಣೆಗೆ ತಂದು ನನ್ನ ಹೆಂಡತಿ ವನಜಾಳನ್ನು ಅಪಾರ ಸಂಕೋಚಕ್ಕೆ ಗುರಿಮಾಡಿದ್ದೇನೆ. ಆದರೆ ಈ ವಿದ್ಯೆಯಲ್ಲಿ ನನ್ನ ಗುರು ನನ್ನ ಅಕ್ಕ ಶಾರದೆ. ದಾವಣಗೆರೆಯಲ್ಲಿ ರವಿಕೆ ಹೊಲಿಯುತ್ತಿದ್ದ ಅವಳು ಚೌಕಾಸಿಗೆ ಮಾತನ್ನೇ ಬಳಸುತ್ತಿರಲಿಲ್ಲ; ನಗುತ್ತಿದ್ದಳು. ಅಂಗಡಿಯವನು ಬೆಲೆ ಹೇಳಿದೊಡನೆ, ಅವನೇನೋ ಒಳ್ಳೆಯ ಹಾಸ್ಯ ಚಟಾಕಿ ಹಾರಿಸಿದನೆಂಬಂತೆ, ಲೇಶಮಾತ್ರ ಕುಹಕವಿಲ್ಲದ ಒಂದು ತುಂಬು ನಗೆ. ಆ ನಗು ಕೇಳಿ ಅವನಿಗೂ ನಗು ಬರುತ್ತಿತ್ತು. ಇಬ್ಬರೂ ನಕ್ಕು ಮುಗಿಸುವಷ್ಟರಲ್ಲಿ ಬೆಲೆ ತಾನಾಗಿ ಇಳಿದಿರುತ್ತಿತ್ತು. ನಾನು ಇದನ್ನು ಹರಿಯಾಣದ ಲೇತ್ ಮಾಲೀಕರ ಮೇಲೆ ಪ್ರಯೋಗಿಸಿ ನೋಡಿದ್ದೇನೆ. ಅವರು ಬೆಲೆ ಏರಿಸಿದರು.

ಕ್ಯಾಮೆರಾ ಕೊಂಡದ್ದೂ ಅಕ್ಕನ ದೆಹಲಿ ಪ್ರವಾಸದ ನೆಪದಲ್ಲಿಯೇ. ದೆಹಲಿಯ ಆಸುಪಾಸಿನಲ್ಲಿ ಮನೆ ಮಾಡಿದ ಕನ್ನಡಿಗನಿಗೆ ನೆಂಟರ ಬರವಿಲ್ಲವಷ್ಟೆ? ಬಂದವರನ್ನು ಕುತುಬ್ ಮಿನಾರಿನಿಂದ ತಾಜಮಹಲಿನವರೆಗೆ ಮೆರವಣಿಗೆ ಮಾಡಿಸುವುದು ಅವನ ಅಲಿಖಿತ ಧರ್ಮ. ಈ ಧರ್ಮಕಾರ್ಯವನ್ನು ಚಿತ್ರೀಕರಿಸಿ ಊರಿಗೆ ಕಳಿಸಿದರೆ, ನಾನೆಷ್ಟು ಮೇಲೆ ಬಂದಿದ್ದೇನೆಂಬುದನ್ನು ಊರವರು ಕೂತಲ್ಲೇ ನೋಡಬಹುದು ಎಂಬ ಸದಾಶಯ ನನ್ನದು. ಚಾಂದನಿ ಚೌಕದ ಕ್ಯಾಮೆರಾ ಗಲ್ಲಿಯಲ್ಲಿ ಮಧ್ಯಾಹ್ನವಿಡೀ ಅಲೆದು, ಜೂಮ್ ಎಷ್ಟು ಪಟ್ಟು ಎಂಬ ಒಂದೇ ಅಂಶವನ್ನು ಮಾನದಂಡವಾಗಿಟ್ಟುಕೊಂಡು, ಕೊನೆಗೆ ಒಬ್ಬ ಲಾಲಾಜಿಯನ್ನು ಹಣ್ಣು ಮಾಡಿದೆ. ಬಳಲಿದ ಅವನು ಕಡೆಯ ಅಸ್ತ್ರವಾಗಿ, ಪುಕ್ಕಟೆಗೆ ಸ್ಟ್ಯಾಂಡನ್ನೋ ಖಾಲಿ ಕ್ಯಾಸೆಟ್ಟುಗಳ ಒಂದು ಡಬ್ಬಿಯನ್ನೋ ಒಯ್ಯಿ, ಎರಡೂ ಕೊಡಲಾರೆ ಎಂದು ಕೈಮುಗಿದ. ಡಿಜಿಟಲ್ ಆದರೂ ಆ ಕಾಲದ ಕ್ಯಾಮೆರಾಗಳು ಬೆಂಕಿಪೊಟ್ಟಣದಂಥ ಪುಟ್ಟ ಕ್ಯಾಸೆಟ್ಟುಗಳ ಮೇಲೆಯೇ ಚಿತ್ರ ಹಿಡಿಯುತ್ತಿದ್ದವು.

"ಕ್ಯಾಸೆಟ್ಟೇ ತಗೊಳ್ರೀ, ದಿನಾ ಬೇಕಾಗೋದು ಅದೇ" ಎಂದಳು ವನಜಾ.

"ಕ್ಯಾಸೆಟ್ಟು ಎಲ್ಲಾದ್ರೂ ಸಿಗುತ್ತೆ ಕಣೇ. ಸ್ಟ್ಯಾಂಡು ಪುಕ್ಕಟೆ ಯಾರು ಕೊಡ್ತಾರೆ?"

ಸ್ಟ್ಯಾಂಡಿನ ಬೆಲೆ ಜಾಸ್ತಿಯಿತ್ತು, ಆದ್ದರಿಂದ ಲಾಭವೂ ಜಾಸ್ತಿ. ಕ್ಯಾಮೆರಾದ ಪೆಟ್ಟಿಗೆಯಲ್ಲಿ ಬಂದಿದ್ದ ಒಂದೇ ಕ್ಯಾಸೆಟ್ಟಿನೊಡನೆ ದಿಗ್ವಿಜಯಿಯಾಗಿ ಮನೆಗೆ ಮರಳಿದೆ.

ಅಕ್ಕ ಬಂದಳು. ನಾನು ಅವಳನ್ನು ಪ್ರತಿಯೊಂದು ಸ್ಮಾರಕದ ಬುಡದಲ್ಲಿ ನಿಲ್ಲಿಸಿ, ದೂರ ಹೋಗಿ, ಇಡೀ ಸ್ಮಾರಕವನ್ನು ಚೌಕಟ್ಟಿನೊಳಗೆ ತುಂಬಿಸಿಕೊಂಡು, ಅವಳನ್ನು ಇರುವೆಯಷ್ಟು ಮಾಡಿ ಚಿತ್ರೀಕರಿಸಿದೆ. ಅವಳೇನಾದರೂ ಹೇಳಲು ಬಾಯಿ ತೆರೆದರೆ ಸುಮ್ಮನಿರೆಂದು ಕೈ ಮಾಡುತ್ತಿದ್ದೆ. ಏಕೆಂದರೆ ವಿವರಣೆಯ ಭಾರವನ್ನು ನಾನೇ ಹೊತ್ತಿದ್ದೆ. ಒಂದು ಗುಟ್ಟು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ: ಈ ಪುಟ್ಟ ಕ್ಯಾಮೆರಾಗಳ ಮೈಕು ಇರುವುದು ಚಿತ್ರ ತೆಗೆಯುವವನ ಬಾಯಿಯಿಂದ ಗೇಣುದ್ದದಲ್ಲಿ. ಲೋಕವೆಲ್ಲ ಪಿಸುಗುಟ್ಟುತ್ತದೆ, ಅವನೊಬ್ಬ ಗುಡುಗುತ್ತಾನೆ.

ಒಂದು ಸಂಜೆ ಜನಪಥದ ಬೀದಿಯಂಗಡಿಗಳ ಮುಂದೆ, ಪಾರ್ಕಿಂಗಿನವನು ರಸೀತಿಗಿಂತ ಹೆಚ್ಚು ಕೇಳಿದನೆಂದು ಅವನೊಡನೆ ವಾಗ್ವಾದಕ್ಕೆ ಹೊರಟ ನಾನು, ಕ್ಯಾಮೆರಾದ ಲೆನ್ಸಿಗೆ ಮುಚ್ಚಳ ಹಾಕಿ, ಚೀಲದಲ್ಲಿಟ್ಟು, ಅಕ್ಕನ ಹೆಗಲಿಗೆ ಹಾಕಿ ಹೋದೆ. ಮರಳಿ ಬಂದಾಗ ಅವಳ ಕೈಯಲ್ಲಿ ಕಡುಗೆಂಪು ಉಣ್ಣೆಯ ಶಾಲೊಂದಿತ್ತು. ಇನ್ನೂರೈವತ್ತು ಹೇಳಿದ್ದನ್ನು ನೂರೈವತ್ತಕ್ಕೆ ತಂದೆ ಎಂದಳು. ಹಿಂದಿಯ ಒಂದಕ್ಷರ ಬಾರದವಳು ಜನಪಥದ ಪಳಗಿದ ಭಯ್ಯಾನನ್ನು ಬರಿಯ ನಗೆಯಿಂದ ಮಣಿಸಿದ ಈ ಪ್ರಸಂಗವನ್ನು ನಾನು ಆಮೇಲೆ ವರ್ಷಾನುಗಟ್ಟಲೆ ನನ್ನ ಗಿರಾಕಿಗಳಿಗೆಲ್ಲ ಹೇಳಿದ್ದೇನೆ.

ಆ ರಾತ್ರಿ ದಣಿದ ಅಕ್ಕ ಬೇಗ ಮಲಗಿದ್ದಳು; ನಮ್ಮ ಊಟದ ಹೊತ್ತಿಗೆ ಟೀವಿಗೆ ಜೋಡಿಸಿ ನೋಡಿದರೆ, ಮುಚ್ಚಳ ಹಾಕಿದ್ದೆನೇ ಹೊರತು ಗುಂಡಿ ಒತ್ತಿ ನಿಲ್ಲಿಸಿರಲಿಲ್ಲ. ಪರದೆಯ ತುಂಬ ಕಪ್ಪು. ಆ ಕಪ್ಪಿನೊಳಗಿಂದ ಬೀದಿಯ ಗದ್ದಲ, "ಢಾಯ್ ಸೌ, ಮಾತಾಜಿ" ಎಂದು ಇನ್ನೂರೈವತ್ತು ಹೇಳುವ ದನಿ, ಅದರ ಬೆನ್ನಿಗೇ ಅಕ್ಕನ ನಗು. ವನಜಾ ತಟ್ಟೆ ಹಿಡಿದುಕೊಂಡೇ ನಗತೊಡಗಿದಳು. ನನಗೆ ಕಂಡದ್ದು ಮಾತ್ರ ವ್ಯರ್ಥವಾದ ಕ್ಯಾಸೆಟ್ಟು; ಅಷ್ಟಕ್ಕೇ ಯಂತ್ರ ಆರಿಸಿದೆ.

"ಇರ್ಲಿ ಬಿಡ್ರೀ, ಇದೂ ಚೆನ್ನಾಗಿದೆ."

"ಕಪ್ಪು ಪರದೆ ನೋಡೋಕೆ ಯಾರು ಬರ್ತಾರೆ? ನಾಳೆ ಆಗ್ರಾ ಇದೆ."

ಹೊಸ ಕ್ಯಾಸೆಟ್ಟಿಗೆ ದುಡ್ಡು ಹಾಕುವ ಬದಲು ಅದನ್ನೇ ಹಿಂದಕ್ಕೆ ಸುತ್ತಿ, ಮರುದಿನ ಆ ಕಪ್ಪಿನ ಮೇಲೆ ತಾಜಮಹಲನ್ನು ತುಂಬಿದೆ. ನಡುವೆ ಬ್ಯಾಟರಿ ಮುಗಿದುಹೋಯಿತು. ಲಾಲಾಜಿಯ ವಂಶವನ್ನೆಲ್ಲ ಶಪಿಸಿದೆ.

ಮುಂದೆ ಕೆಲವು ವರ್ಷಗಳಲ್ಲಿ ಅಕ್ಕನ ಗಂಟಲಿಗೆ ಕಾಯಿಲೆ ಬಂತು. ಶಸ್ತ್ರಚಿಕಿತ್ಸೆ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಆಗ ಅವಳ ಬಳಿ ಇದ್ದದ್ದು ಗುಂಡಿಗಳ ಫೋನು. ಮಾತಾಡುವುದಕ್ಕಲ್ಲದೆ ಮಾತನ್ನು ಹಿಡಿದಿಡುವುದಕ್ಕೆ ಅದನ್ನು ಬಳಸಬೇಕೆಂದು ಯಾರಿಗೂ ತೋಚಿರಲಿಲ್ಲ. ಈಗ ಅವಳು ನೋಯ್ಡಾದಲ್ಲಿ, ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಮಗಳು ಮಂಜುಳೆಯ ಮನೆಯಲ್ಲಿದ್ದಾಳೆ. ಮಂಜುಳೆಯ ಮಗಳು ಅನಘಾ ಕನ್ನಡವನ್ನು ಕಿವಿಯಲ್ಲೂ ಹಿಂದಿಯನ್ನು ನಾಲಿಗೆಯಲ್ಲೂ ಇಟ್ಟುಕೊಂಡು ಬೆಳೆಯುತ್ತಿರುವ, ಪ್ರಶ್ನೆಗಳ ಕಾರ್ಖಾನೆಯಂಥ ಹುಡುಗಿ. ಅಜ್ಜಿಯ ಕೈಸನ್ನೆಗಳನ್ನೆಲ್ಲ ಅವಳು ಬಲ್ಲಳು. ದನಿಯನ್ನು ಮಾತ್ರ ಕೇಳಿದವಳೇ ಅಲ್ಲ.

ಮೊನ್ನೆಯ ಭಾನುವಾರ ಅವರೆಲ್ಲ ನಮ್ಮಲ್ಲಿಗೆ ಬಂದಿದ್ದಾಗ, ಈ ಹುಡುಗಿ ಅಕ್ಕನ ಮಡಿಲಲ್ಲಿ ಕೂತು, ಅವಳ ಕತ್ತಿನ ಮೇಲೆ ಬೆರಳಾಡಿಸುತ್ತ ಕೇಳಿದಳು: "ಅಮ್ಮಾ, ಅಜ್ಜಿ ಕೀ ಆವಾಜ್ ಕೈಸೀ ಥೀ?"

ಅಜ್ಜಿಯ ದನಿ ಹೇಗಿತ್ತೆಂದು ಹೇಳುವುದು? ದಪ್ಪ ಎನ್ನುವುದೇ, ಮೃದು ಎನ್ನುವುದೇ? ಮಂಜುಳೆ ನನ್ನ ಕಡೆ ತಿರುಗಿ, "ಮಾಮಾ, ಅಮ್ಮ ಬಂದಾಗ ನೀವು ವಿಡಿಯೋ ಮಾಡಿದ್ರಲ್ಲ?" ಎಂದಳು. ಅವಳ ಕಣ್ಣಿನಲ್ಲಿ ಎದ್ದ ಆಸೆಯನ್ನು ಕಂಡು ನಾನು ಎದ್ದು ಬೀರುವಿನ ಮುಂದೆ ಕುರ್ಚಿ ಎಳೆದು ಹಾಕಿದೆ. ವನಜಾ ನನ್ನ ಮುಖ ನೋಡಲಿಲ್ಲ. ಅದು ಅವಳ ದೊಡ್ಡತನ.

ಪೆಟ್ಟಿಗೆ ಇಳಿಸಿದೆ. ಬ್ಯಾಟರಿ ಸತ್ತಿತ್ತು, ಗೋಡೆಯ ಕರೆಂಟಿಗೆ ಹಚ್ಚಿದಾಗ ಕ್ಯಾಮೆರಾ ಒಮ್ಮೆ ನರಳಿ ಕಣ್ಣು ಬಿಟ್ಟಿತು. ಹೊಸ ಟೀವಿಗೆ ಅದರ ತಂತಿ ಹೊಂದಲಿಲ್ಲ. ಆದ್ದರಿಂದ ಕ್ಯಾಮೆರಾದ ಮಗ್ಗುಲಿನ, ಇಸ್ಪೀಟೆಲೆಗಿಂತ ಸಣ್ಣದಾದ ಪರದೆಯನ್ನು ಬಿಚ್ಚಿ, ಸುತ್ತಲೂ ತಲೆಗೆ ತಲೆ ತಾಗಿಸಿ ಕೂತೆವು.

ಮೊದಲು ಕುತುಬ್ ಮಿನಾರು, ಅದರ ಬುಡದಲ್ಲಿ ಒಂದು ಚುಕ್ಕೆ. "ಇದು ಕುತುಬ್ ಮಿನಾರ್. ಮೇಲೆ ಹತ್ತೋಕೆ ಈಗ ಬಿಡೋದಿಲ್ಲ." ಇದು ನಾನು. ಆಮೇಲೆ ಇಂಡಿಯಾ ಗೇಟು. "ಇಲ್ಲಿ ಐಸ್‌ಕ್ರೀಮ್ ತಿನ್ನಬಾರದು, ಡಬಲ್ ರೇಟು." ಇದೂ ನಾನೇ. ಒಮ್ಮೆ ಅಕ್ಕನ ಮುಖ ಹತ್ತಿರವಾಗಿ, ತುಟಿಗಳು ಅಲುಗಿ, ಮಂಜುಳೆ ಉಸಿರು ಬಿಗಿಹಿಡಿದಳು. ಪರದೆಯೊಳಗಿನ ನಾನು "ಅಕ್ಕಾ, ಸುಮ್ಮನೆ ನಿಂತ್ಕೋ" ಎಂದೆ.

"ಮಾಮಾಜ್ಜ, ಆಪ್ ಬಹುತ್ ಬೋಲ್ತೇ ಹೋ" ಎಂದಳು ಅನಘಾ. ನನ್ನ ವ್ಯಾಪಾರ ಜೀವನದಲ್ಲಿ ನನ್ನ ಅತಿಮಾತಿನ ಬಗ್ಗೆ ಇಷ್ಟು ನಿಷ್ಪಕ್ಷಪಾತವಾದ ವಿಮರ್ಶೆಯನ್ನು ನಾನು ಪಡೆದಿಲ್ಲ.

ತಾಜಮಹಲು ಬಂತು. ಅಮೃತಶಿಲೆ, ಮತ್ತೆ ಅಮೃತಶಿಲೆ, ಜೂಮ್ ಮಾಡಿ ಇನ್ನಷ್ಟು ಅಮೃತಶಿಲೆ. ಅದು ಗೋರಿಯೆಂದು ನಾನು ಎಲ್ಲರಿಗೂ ಕೇಳುವಂತೆ ವಿವರಿಸುತ್ತಿದ್ದೆ. ಅದರ ಅಡಿಯಲ್ಲಿ ಯಾರ ನಗು ಮಲಗಿದೆಯೆಂಬುದು ಆ ಕೋಣೆಯಲ್ಲಿ ನನಗೂ ವನಜಾಳಿಗೂ ಮಾತ್ರ ಗೊತ್ತಿತ್ತು. ನನ್ನ ವಿವರಣೆಯ ಅರ್ಧದಲ್ಲಿ ಬ್ಯಾಟರಿ ಮುಗಿದಿತ್ತು. ಪರದೆಯಲ್ಲಿ ಚಿತ್ರ ಚೂರುಚೂರಾಯಿತು. ಇನ್ನೇನು ಕೈಚಾಚಿ ಆರಿಸಬೇಕು, ಅಷ್ಟರಲ್ಲಿ ಪರದೆ ಕಪ್ಪಾಗಿ, ಆ ಕಪ್ಪಿನೊಳಗಿಂದ ಬೀದಿಯ ಗದ್ದಲ ಹೊಮ್ಮಿತು. ಆಗ್ರಾದ ಚಿತ್ರ ಜನಪಥದ ಕಪ್ಪಿಗಿಂತ ಗಿಡ್ಡವಾಗಿ, ಬಾಲವೊಂದು ಅಳಿಯದೆ ಉಳಿದಿತ್ತು.

"ಚಲೋ ಮಾತಾಜಿ, ಡೇಢ್ ಸೌ ದೇ ದೋ" ಎಂದ ಭಯ್ಯಾ, ಸೋತವನ ದನಿಯಲ್ಲಿ. ನೂರೈವತ್ತಕ್ಕೆ ಅವನು ಇಳಿದದ್ದು ನಿಜವೇ. ಆಮೇಲೆ ಅಕ್ಕನ ನಗು, ತುಂಬು ನಗು, ಆ ಸಣ್ಣ ಸ್ಪೀಕರಿನಲ್ಲಿ ಗರಗರವೆನ್ನುತ್ತಲೇ ಮನೆ ತುಂಬಿತು. ನಗುತ್ತಲೇ ಮಾತು: "ಅಯ್ಯೋ ತಮ್ಮಾ, ಬೆಳಗ್ಗೆಯಿಂದ ಈ ಚಳಿಯಲ್ಲಿ ನಿಂತಿದೀಯ. ತಗೋ, ನೀನು ಮೊದಲು ಹೇಳಿದಷ್ಟೇ ತಗೋ. ನಮ್ಮ ಬಸಣ್ಣ ಬರ್ತಾನೆ ಈಗ, ಅವನಿಗೆ ಮಾತ್ರ ಹೇಳ್ಬೇಡಪ್ಪಾ. ಪಾಪ, ಅವನಿಗೆ ರಾತ್ರಿ ಊಟ ಸೇರಲ್ಲ."

"ಕ್ಯಾ ಬೋಲೀಂ, ಮಾತಾಜಿ?" ಅವಳು ಏನೆಂದಳೆಂದು ಭಯ್ಯಾನಿಗೆ ತಿಳಿಯಲಿಲ್ಲ.

ಮತ್ತೆ ನಗು. ಅದನ್ನು ಸೀಳಿಕೊಂಡು ದೂರದಿಂದ ಒಂದು ಕರ್ಕಶ ದನಿ: "ಅಕ್ಕಾ, ಎಷ್ಟಕ್ಕೆ ಕೊಟ್ಟ?" ಅಲ್ಲಿಗೆ ಕ್ಯಾಸೆಟ್ಟು ಮುಗಿಯಿತು. ಅದೂ ನಾನೇ.

ಆ ಕೊನೆಯ ತುಣುಕನ್ನು ನಾನು ಅಂದು ಕೇಳಿಯೇ ಇರಲಿಲ್ಲ. ಮೊದಲ ನಗೆಗೇ ಯಂತ್ರ ಆರಿಸಿದ್ದೆನಲ್ಲ. ಅಕ್ಕ ಸಿಕ್ಕಿಬಿದ್ದ ಹುಡುಗಿಯಂತೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ದನಿಯಿಲ್ಲದೆ ಅವಳ ಭುಜಗಳು ಕುಲುಕುತ್ತಿದ್ದವು. "ಅಜ್ಜಿ ನೇ ಝೂಠ್ ಬೋಲಾ!" ಎಂದು ಅನಘಾ ಕುಣಿದಾಡಿದಳು. ಅಜ್ಜಿ ಸುಳ್ಳು ಹೇಳಿದ್ದಳೆಂಬುದು ಅವಳಿಗೆ ಆ ದಿನದ ಪರಮಾನಂದ. ಮತ್ತೊಮ್ಮೆ ಹಾಕಿಸಿದಳು, ಮಗದೊಮ್ಮೆ ಹಾಕಿಸಿದಳು, ಕೊನೆಗೆ ಆ ನಗುವನ್ನು ತಾನೇ ನಕ್ಕು ತೋರಿಸತೊಡಗಿದಳು. ಮಂಜುಳೆ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದವಳು ಬರಲು ಹೊತ್ತಾಯಿತು. ಬಂದವಳು ಕೆಂಪಗಾದ ಕಣ್ಣಿನಿಂದ, "ಮಾಮಾ, ಇದಕ್ಕಿಂತ ಮುಂಚಿನದು ಎಲ್ಲಿದೆ?" ಎಂದಳು.

ನಾನು ಹಿಂದಕ್ಕೆ ಸುತ್ತಿದೆ. ತಾಜಮಹಲು ಬಂತು.

ಅಕ್ಕನಿಗೆ ಆಗ ತಿಳಿಯಿತೆಂದು ಕಾಣುತ್ತದೆ. ನನ್ನ ಮೊಣಕೈ ತಟ್ಟಿ, ಹೋಗಲಿ ಬಿಡು ಎಂಬಂತೆ ಕೈ ಬೀಸಿದಳು. ಕೊಟ್ಟ ಬೆಲೆಯನ್ನು ಮುಚ್ಚಿಟ್ಟು ತಮ್ಮನ ಊಟ ಉಳಿಸಿದವಳು ಅವಳು. ಈಗಲೂ ಅದನ್ನೇ ಮಾಡುತ್ತಿದ್ದಳು. ತಾಜಮಹಲನ್ನು ನಾನು ನಾಳೆ ಹೋದರೂ ನೋಡಬಹುದು, ಟಿಕೆಟ್ಟಿನ ದರ ಏರಿರಬಹುದು ಅಷ್ಟೆ. ಆ ಶಾಲಿನಂಗಡಿಯ ಮುಂದಿನ ಮೊದಲ ಮಾತುಗಳನ್ನು, ಇನ್ನೂರೈವತ್ತು ನೂರೈವತ್ತಾಗುವವರೆಗಿನ ಆ ನಗೆಯ ಇಡೀ ಇಳಿಜಾರನ್ನು, ಎಷ್ಟು ಕೊಟ್ಟರೂ ಯಾವ ಗಲ್ಲಿಯಲ್ಲೂ ಮಾರುವುದಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಇನ್ನು ನಿಮಗೆ ಹೇಳುವುದಿಷ್ಟು. ಕ್ಯಾಮೆರಾ ಕೊಳ್ಳುವಾಗ ಜೂಮಿನ ಪಟ್ಟು ಎಣಿಸಬೇಡಿ. ಅಂಗಡಿಯ ಗದ್ದಲದಲ್ಲಿಯೇ ಜೊತೆಗಿದ್ದವರನ್ನು ಮಾತಾಡಿಸಿ, ಅದನ್ನು ಹಾಕಿ ಕೇಳಿ, ಮಾತು ಸ್ಪಷ್ಟವಾಗಿದ್ದರೆ ಮಾತ್ರ ಮುಂದುವರಿಯಿರಿ. ಕೈಯಲ್ಲಿ ಹಿಡಿದಾಗ ಹೆಬ್ಬೆರಳಿಗೆ ಗುಂಡಿ ಸಲೀಸಾಗಿ ಸಿಗಬೇಕು. ಕಟ್ಟಡಗಳನ್ನು ಅವುಗಳ ಪಾಡಿಗೆ ಬಿಟ್ಟು ಜನರ ಹತ್ತಿರ ಹೋಗಿ, ಹೋದ ಮೇಲೆ ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ. ಈಗಿನದರಲ್ಲಿ ಕ್ಯಾಸೆಟ್ಟಿನ ಬದಲು ಉಗುರಿನಷ್ಟು ಕಾರ್ಡು ಬರುತ್ತದೆ; ತುಂಬಿದ್ದನ್ನು ಅಳಿಸುವ ಮುನ್ನ ಕಪ್ಪಾದದ್ದನ್ನೂ ಕೊನೆಯವರೆಗೆ ಕೇಳಿ. ಸ್ಟ್ಯಾಂಡು ಬೇಕೇ ಬೇಕೆಂದರೆ ಫರೀದಾಬಾದಿಗೆ ಬನ್ನಿ, ಕಾಲುಚೀಲ ತೆಗೆದು ಪುಕ್ಕಟೆ ಕೊಡುತ್ತೇನೆ. ಆದರೆ ಕಾರ್ಡು ಮಾತ್ರ ಒಂದರ ಬದಲು ನಾಲ್ಕು ಕೊಳ್ಳಿ, ಚೌಕಾಸಿ ಮಾಡದೆ ಅವನು ಕೇಳಿದಷ್ಟನ್ನೂ ಕೊಟ್ಟುಬಿಡಿ. ಮನೆಯಲ್ಲಿ ನನ್ನಂಥವನು ಯಾರಾದರೂ ಇದ್ದರೆ, ಅರ್ಧಕ್ಕೆ ತಂದೆ ಎನ್ನಿ.