ಅಮ್ಮನ ಬಣ್ಣ ಬರುವವರೆಗೆ

ಸತ್ತಮೇಲೆ ಹಾರ ಹಾಕುವ ತನ್ನ ಫೋಟೋವನ್ನು ತಾನು ಬದುಕಿರುವಾಗಲೇ ಪ್ರಿಂಟ್ ತೆಗೆಸಿಡಬೇಕೆಂದು ಅಮ್ಮ ಎಪ್ಪತ್ತೆಂಟನೇ ವಯಸ್ಸಿನಲ್ಲಿ ಹಟ ಹಿಡಿದಳು. ಕಾರಣ, ನನ್ನ ಅಣ್ಣನ ಮಗನ ಮದುವೆಯ ಆಲ್ಬಂ. ಸ್ಟುಡಿಯೋದವರು ಅದರಲ್ಲಿ ಅವಳ ಮುಖವನ್ನು ಅಕ್ಕಿಹಿಟ್ಟಿನಷ್ಟು ಬೆಳ್ಳಗೆ ಮಾಡಿಟ್ಟಿದ್ದರು. ಅಮ್ಮ ಕನ್ನಡಕ ಏರಿಸಿ ನೋಡಿ, "ಇದ್ಯಾರೇ, ಹುಡುಗಿ ಕಡೆಯೋರಾ?" ಅಂದಳು. ತಮಾಷೆಗಲ್ಲ, ನಿಜವಾಗಿಯೂ ಗುರುತು ಸಿಕ್ಕಿರಲಿಲ್ಲ.

ಗುರುತು ಸಿಕ್ಕಮೇಲೆ ಸಿಟ್ಟು ನೆತ್ತಿಗೇರಿತು. "ಬದುಕಿದ್ದಾಗ್ಲೇ ಹಿಂಗೆ, ಇನ್ನು ಸತ್ತಮೇಲೆ ಕೇಳೋರ್ಯಾರು? ಯಾರೋ ಬಿಳಿ ಹೆಂಗಸಿಗೆ ಹಾರ ಹಾಕಿ ಕೈಮುಗೀತೀರಿ ನೀವು. ನಾನು ಎಣ್ಣೆಗೆಂಪೂ ಅಲ್ಲ ಕಣೇ, ಕಪ್ಪು. ನನ್ನ ಬಣ್ಣದಲ್ಲೇ ತೆಗಿ."

ನಾನು ಹೈಸ್ಕೂಲ್ ಟೀಚರ್. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ನಾವಿಬ್ಬರೇ. ಪ್ರಶ್ನೆಪತ್ರಿಕೆಗೆಂದು ತಂದ ಇಂಕ್‌ಜೆಟ್ ಪ್ರಿಂಟರ್ ಇತ್ತು. ಅಮ್ಮನನ್ನು ಜಗಲಿಯಲ್ಲಿ ಕೂರಿಸಿ ಮೊಬೈಲಿನಲ್ಲಿ ಫೋಟೋ ತೆಗೆದೆ. ಮೊಬೈಲಿನಲ್ಲಿ ಅವಳು ಅವಳ ಹಾಗೆಯೇ ಇದ್ದಳು. ಇದೇನು ಮಹಾ, ಹತ್ತು ನಿಮಿಷದ ಕೆಲಸ ಅಂದುಕೊಂಡು ಭಾನುವಾರ ತಿಂಡಿ ಮುಗಿಸಿ ಪ್ರಿಂಟರ್ ಮುಂದೆ ಕೂತೆ.

ಮೊದಲ ಪ್ರಿಂಟಿನಲ್ಲಿ ಅಮ್ಮ ನೇರಳೆಹಣ್ಣಿನ ಬಣ್ಣದಲ್ಲಿ ಬಂದಳು. ಇಂಕು ಸರಿಯಾಗಿ ಇಳಿಯುತ್ತಿದೆಯೇ ಎಂದು ನಾಜಲ್ ಚೆಕ್ ಕೊಟ್ಟರೆ ಹಳದಿ ಗೆರೆಗಳು ಅರ್ಧಕ್ಕರ್ಧ ಇಲ್ಲ. ಬರೀ ಕಪ್ಪು ಅಕ್ಷರ ತೆಗೆದು ತೆಗೆದು ಹಳದಿ ಇಂಕು ಒಣಗಿ ಕೂತಿತ್ತು. ಎರಡು ಸಲ ಹೆಡ್ ಕ್ಲೀನಿಂಗ್ ಕೊಟ್ಟಮೇಲೆ ಗೆರೆಗಳೇನೋ ಕೂಡಿದವು, ಆದರೆ ಅಮ್ಮ ಪುನಃ ಬೆಳ್ಳಗಾದಳು. ಹುಡುಕಿದರೆ, ಫೋಟೋ ತಾನಾಗಿ ಚಂದ ಮಾಡುವ ಸೆಟ್ಟಿಂಗ್ ಒಂದು ಆನ್ ಇದೆ. ಇದರ ಮನೆ ಹಾಳಾಗ! ಚಂದ ಮಾಡು ಅಂತ ಇದಕ್ಕೆ ಹೇಳಿದವರು ಯಾರು? ಆಫ್ ಮಾಡಿದೆ.

ಈಗ ಮುಖ ಹಳದಿ. ನರೆಗೂದಲಿಗೂ ಅರಿಶಿನ ಬಳಿದ ಹಾಗಿತ್ತು. ಹಳದಿ ಇಳಿಸಿದೆ, ನೀಲಿ ಏರಿಸಿದೆ, ಆರು ಹಾಳೆ ಕಸದ ಬುಟ್ಟಿಗೆ ಹೋದವು. ಏಳನೆಯದನ್ನು ತೆಗೆದುಕೊಳ್ಳುವಾಗ ಮೂಗಿಗೆ ಹೊಗೆ ವಾಸನೆ ಬಡಿಯಿತು.

"ಅಮಾ, ಈ ಕಾಗದ ಎಲ್ಲಿಟ್ಟಿದ್ದೆ?"

"ಮಳೆಗಾಲ್ದಲ್ಲಿ ಮೆತ್ತಗಾಗುತ್ತೆ ಅಂತ ಒಲೆ ಮೇಲಿನ ಅಟ್ಟದಲ್ಲಿಟ್ಟಿದ್ದೆ. ಹಪ್ಪಳದ ಡಬ್ಬದ ಪಕ್ಕ."

ಎಂಟು ತಿಂಗಳು ಹೊಗೆ ಕುಡಿದು ಹಳದಿಗಟ್ಟಿದ ಫೋಟೋ ಪೇಪರ್! ನಾನು ಹಣೆ ಚಚ್ಚಿಕೊಂಡೆ. "ಬೈಬೇಡ, ಕೊಳೆಯೋದು ತಪ್ತಲ್ಲ" ಎಂದು ಅವಳೇ ನನ್ನನ್ನು ದಬಾಯಿಸಿದಳು. ಪೇಟೆಗೆ ಹೋಗಿ ಹೊಸ ಕಟ್ಟು ತಂದೆ, ಬಣ್ಣದ ಅಂಕಿಗಳನ್ನೆಲ್ಲ ಸೊನ್ನೆಗೆ ತಂದೆ.

ಅಷ್ಟೊತ್ತಿಗೆ ಹೊಸನಗರದಿಂದ ಅಣ್ಣ ಊಟಕ್ಕೆ ಬಂದ. ಮೊಬೈಲಿನಲ್ಲಿದ್ದ ಫೋಟೋ ನೋಡಿ, "ಸ್ವಲ್ಪ ಬ್ರೈಟ್ ಮಾಡೇ. ನಾಲ್ಕು ಜನ ನೋಡೋದು, ಚಂದ ಕಾಣ್ಬೇಕಲ್ಲ" ಅಂದ.

"ಎಂತದಾ ಚಂದ? ಇದೇ ಮುಖ ನೋಡ್ಕಂಡೇ ಹಾಲು ಕುಡ್ದಿದೀಯ, ಸುಮ್ನಿರು" ಎಂದಳು ಅಮ್ಮ.

ಅವನು ಮೊಬೈಲನ್ನು ನನ್ನ ಕೈಗೆ ಕೊಟ್ಟ. ಆದರೆ ನನ್ನ ಬುದ್ಧಿಗೆ ಏನಾಗಿತ್ತೋ. ಅಮ್ಮ ಬಡಿಸಲು ಒಳಗೆ ಹೋದಾಗ ಬ್ರೈಟ್‌ನೆಸ್ ಎರಡೇ ಎರಡು ಅಂಕಿ ಏರಿಸಿ ಪ್ರಿಂಟ್ ಕೊಟ್ಟೆ. ಎರಡು ಅಂಕಿ ಯಾರಿಗೆ ಗೊತ್ತಾಗುತ್ತದೆ?

ಅಮ್ಮ ಬಂದು ಹಾಳೆಯನ್ನು ಬಾಗಿಲ ಬೆಳಕಿಗೆ ಒಯ್ದಳು. ಬಳೆ ಸರಿಸಿ ತನ್ನ ಮುಂಗೈಯನ್ನು ಫೋಟೋದ ಕೆನ್ನೆಯ ಪಕ್ಕ ಹಿಡಿದಳು. ಸುಮಾರು ಹೊತ್ತು ನೋಡಿದಳು.

"ಇದು ಪ್ರಿಂಟರ್ ಮಾಡಿದ್ದಲ್ಲ. ನೀನು ಮಾಡಿದ್ದು."

ಹಾಳೆಯನ್ನು ನನ್ನ ಮುಂದಿಟ್ಟಳು.

"ನಿನ್ನ ನೋಡಕ್ಕೆ ಬಂದೋರು ಹುಡುಗಿ ಕಪ್ಪು ಅಂತ ಎದ್ದು ಹೋದ್ರಲ್ಲ, ಅವತ್ತು ನಿನ್ನ ಸೋದರತ್ತೆ ಮುಂದಿನ ಸಲಕ್ಕೆ ಇರ್ಲಿ ಅಂತ ಪೌಡರ್ ಡಬ್ಬ ತಂದ್ಕೊಟ್ಲು. ನಾನು ಅದನ್ನ ಹಿತ್ಲಿಗೆ ಎಸೆದೆ. ಈಗ ನೀನು ನಂಗೆ ಪೌಡರ್ ಹಚ್ತಿದೀಯ."

ಡಬ್ಬದ ವಿಷಯ ನನಗೆ ಗೊತ್ತೇ ಇರಲಿಲ್ಲ. ಅಂಕಿಯನ್ನು ಸೊನ್ನೆಗೆ ತಂದು ಪುನಃ ಪ್ರಿಂಟ್ ಕೊಟ್ಟೆ. ಇಂಕು ಆರಲೆಂದು ಹಾಳೆಯನ್ನು ಫ್ಯಾನಿನ ಕೆಳಗಿಟ್ಟೆ.

ಅಮ್ಮ ಮತ್ತೆ ಫೋಟೋದ ಪಕ್ಕ ಮುಂಗೈ ಹಿಡಿದು ನೋಡಿದಳು. "ಹ್ಞಾಂ. ಇದು ನಾನು."

ಅಣ್ಣ ಇಣುಕಿದ. "ಕಪ್ಪಾಯ್ತಲ್ಲೇ. ಪ್ರಿಂಟರ್ ಸರಿ ಇಲ್ವಾ?"

"ಪ್ರಿಂಟರ್ ಸರಿ ಇದೆ, ಅಣ್ಣ. ನಾವೇ ಸರಿ ಇರ್ಲಿಲ್ಲ" ಅಂದೆ.

"ಇನ್ನೊಂದು ತೆಗಿ" ಅಂದಳು ಅಮ್ಮ. "ಇವನ ಮನೆ ಹಾಲ್‌ನಲ್ಲೂ ಇರ್ಲಿ. ನಾನು ಸಾಯೋವರೆಗೆ ಕಾಯೋದೆಂತಕ್ಕೆ, ಇವತ್ತೇ ತಗಂಡೋಗ್ಲಿ."

ಎರಡನೆಯದನ್ನು ಮೊದಲಿನದಕ್ಕಿಂತ ದೊಡ್ಡದಾಗಿ, ಹಾಳೆ ತುಂಬ ಬರುವಂತೆ ತೆಗೆದೆ.