ಕಟಿಂಗ್ ಮಾಸ್ತರರ ಹನ್ನೊಂದು ಮಂದಿ ಓದುಗರು

ಮೂವತ್ತೊಂದು ವರ್ಷ ಒಂದೇ ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸಿದ ಅವರನ್ನು ಎಲ್ಲರೂ ಕಟಿಂಗ್ ಮಾಸ್ತರ್ ಎಂದೇ ಕರೆಯುತ್ತಿದ್ದರು. ನಲವತ್ತು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಸೀಮೆಸುಣ್ಣದ ಗೆರೆ ಕೂದಲೆಳೆಯಷ್ಟೂ ತಪ್ಪದಂತೆ ಕತ್ತರಿಸುತ್ತಿದ್ದ ಬಲಗೈ ಅವರದು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಾಗ ಬ್ರಷ್ ಜಾರಿ ಬಿತ್ತು. ಎತ್ತಿಕೊಳ್ಳಲು ಬಾಗಿದರು, ಕೈ ಮಾತು ಕೇಳಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಮಾತು, ನಡಿಗೆ ಎರಡೂ ಸರಿಹೋದವು. ಬಲಗೈ ಮಾತ್ರ ಹೆಗಲಿನಿಂದ ಕೆಳಗೆ ಯಾರದೋ ವಸ್ತುವಿನಂತೆ ತೂಗಾಡುತ್ತಿತ್ತು. ಅವರು ಅಳಲಿಲ್ಲ, ರೇಗಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಊಟಕ್ಕೆ ಕರೆದರೆ ಏಳುತ್ತಿದ್ದರು. ಅದೇ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದ ಹೆಂಡತಿ ಸಂಜೆ ಬಂದು ಅಲ್ಲಿನ ಸಮಾಚಾರವನ್ನೆಲ್ಲ ಒಪ್ಪಿಸಿದರೂ ಅವರ ಬಾಯಿಂದ ಒಂದು "ಹೂಂ" ಹೊರಟರೆ ಹೆಚ್ಚು.

ಮಹಡಿಯ ಮೇಲಿದ್ದ ನಾದಿನಿ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು. ಬಾಯಿ ಸುಮ್ಮನಿರದ ಹೆಣ್ಣು.

"ಭಾವ, ಆ ಕಿಟಕಿ ಎಲ್ಲೂ ಓಡಿಹೋಗಲ್ಲ, ಕಾಯ್ತಾ ಕೂರಬೇಡಿ," ಎಂದು ಹಳೆಯ ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. "ನಿಮ್ಮ ಹೆಸರಲ್ಲೊಂದು ಬ್ಲಾಗ್ ಮಾಡಿದೀನಿ. ತಲೇಲಿರೋ ವಿದ್ಯೆ ಬರೀರಿ. ಎಡಗೈಯ ಒಂದು ಬೆರಳು ಸಾಕು."

ಅವಳು ಹೇಳಿದಳೆಂದು ಬರೆದರು. ಕಾಲರ್ ಕತ್ತರಿಸುವ ಬಗೆಯನ್ನು ಒಂದೊಂದೇ ಅಕ್ಷರ ಕುಟ್ಟುತ್ತ ಬರೆದು ಮುಗಿಸಲು ಮೂರು ವಾರ ಹಿಡಿಯಿತು. ನಡುವೆ ಒಂದು ದಿನ, ಶರ್ಟಿನ ಗುಂಡಿ ಹಾಕಲಾಗದೆ ಬೇಸತ್ತು, ಬ್ಲಾಗಿನ ಇನ್ನೊಂದು ಪುಟದಲ್ಲಿ ಆರು ಸಾಲು ಗೀಚಿದ್ದರು: ಗುಂಡಿಗಳನ್ನು ಮೇಲೆ ಬರೀ ಚೆಂದಕ್ಕೆ ಹೊಲಿಯಿರಿ, ಒಳಗೆ ವೆಲ್ಕ್ರೋ ಅಂಟುಪಟ್ಟಿ ಹಾಕಿ, ಸ್ವಾಧೀನವಿಲ್ಲದ ಕೈಯ ಕಡೆ ತೋಳನ್ನು ಅಗಲ ಮಾಡಿ.

ತಿಂಗಳಾದ ಮೇಲೆ ಬ್ಲಾಗಿನ ಓದುಗರ ಲೆಕ್ಕದ ಪುಟ ತೆರೆದರೆ ಮುನ್ನೂರ ನಲವತ್ತು ಎಂದಿತ್ತು. ಹೆಂಡತಿ ಎದುರುಮನೆಗೆ ಹೋಗಿ ಹೇಳಿಯೂ ಬಂದಳು.

"ಅದು ಜನ ಅಲ್ಲ ಕಣೇ ಅಕ್ಕ, ನೋಟ," ಎಂದಳು ನಾದಿನಿ. "ಒಬ್ಬರೇ ಹತ್ತು ಸಲ ತೆರೆದ್ರೆ ಹತ್ತು ನೋಟ. ಜನರ ಲೆಕ್ಕ ಈ ಕಡೆ ಇದೆ ನೋಡು, ಐವತ್ತೆರಡು." ಆಮೇಲೆ ಭಾವನ ಕಡೆ ತಿರುಗಿದಳು. "ನೀವು ದಿನಕ್ಕೆ ಎಷ್ಟು ಸಲ ತೆಗೆದು ನೋಡ್ತೀರಿ?"

"ಏಳೆಂಟು ಸಲ."

"ಅಕ್ಕನ ಫೋನಲ್ಲಿ?"

"ಅದರಲ್ಲೂ."

"ಸರಿಹೋಯ್ತು. ನಿಮ್ಮಂಗಡಿಗೆ ನೀವೇ ಗಿರಾಕಿ!"

ಮನೆಯವರ ಭೇಟಿ ಲೆಕ್ಕಕ್ಕೆ ಸೇರದಂತೆ ಅವಳು ಎಲ್ಲೋ ಒಂದು ಗುರುತು ಹಾಕಿದಳು. ಬಂದ ಕ್ಷಣವೇ ಮಾಯವಾದವರು ಮನುಷ್ಯರಲ್ಲ, ಊರೂರು ತಿರುಗಿ ಪುಟಗಳನ್ನು ಮೂಸಿ ನೋಡುವ ಯಂತ್ರಗಳು ಎಂದು ಅವರನ್ನೂ ತೆಗೆದಳು. ಕೊನೆಗೆ ಉಳಿದವರು ಹನ್ನೊಂದು ಮಂದಿ.

"ಬೇಜಾರಾಯ್ತಾ ಭಾವ?"

"ಇಲ್ಲ."

ಅದು ಸುಳ್ಳಲ್ಲ. ಮುನ್ನೂರ ನಲವತ್ತು ಎಂದಾಗ ಹೇಗಿತ್ತೋ ಹನ್ನೊಂದು ಎಂದಾಗಲೂ ಹಾಗೇ ಇತ್ತು. ಆಸ್ಪತ್ರೆಯಲ್ಲಿ ನರ್ಸ್ ಬಲಗೈಗೆ ಸೂಜಿ ಚುಚ್ಚಿ "ಗೊತ್ತಾಯ್ತಾ?" ಎಂದು ಕೇಳಿದಾಗ ಏನೂ ಗೊತ್ತಾಗದಿದ್ದ ಹಾಗೆ.

ಆ ಹನ್ನೊಂದರಲ್ಲಿ ಕಾಲರಿನ ಪುಟಕ್ಕೆ ಕಾಲಿಟ್ಟವರು ಇಬ್ಬರು. ಉಳಿದ ಒಂಬತ್ತು ಮಂದಿಯೂ ಬಂದದ್ದು ಆರು ಸಾಲಿನ ಪುಟಕ್ಕೆ. ಏನು ಹುಡುಕುತ್ತ ಬಂದರು ಎಂಬುದೂ ಅಲ್ಲಿತ್ತು. ನಾದಿನಿ ಗಟ್ಟಿಯಾಗಿ ಓದಿದಳು: "ಒಂದೇ ಕೈಯಲ್ಲಿ ಶರ್ಟ್ ಹಾಕೋದು ಹೇಗೆ. ಅಪ್ಪನಿಗೆ ಲಕ್ವ ಗುಂಡಿ ಹಾಕಲು ಆಗಲ್ಲ. ಲಕ್ವ ಆದವರಿಗೆ ಬಟ್ಟೆ." ನಿಲ್ಲಿಸಿ ಹೇಳಿದಳು, "ನಲವತ್ತು ಸೆಕೆಂಡ್ ಇದ್ದು ಹೋಗಿಬಿಟ್ಟಿದಾರೆ. ಚಿತ್ರ ಇಲ್ಲ, ಅಳತೆ ಇಲ್ಲ. ಇನ್ನೇನು ಮಾಡ್ತಾರೆ ಪಾಪ?"

ಮರುದಿನ ಕಾರ್ಖಾನೆಗೆ ರಜೆಯಿತ್ತು. ತಿಂಡಿಯಾದ ಮೇಲೆ ಮಾಸ್ತರರು ಹೆಂಡತಿಗೆ, "ಕತ್ತರಿ ತಗೊಂಡು ಬಾ," ಎಂದರು.

ಅವರು ಅಳತೆ ಹೇಳಿದರು, ಅವಳು ಕತ್ತರಿಸಿದಳು. ತೋಳಿನ ಬಾಯಿ ಎರಡು ಬೆರಳಷ್ಟು ಹೆಚ್ಚು ಅಗಲವಾಗಬೇಕಿದ್ದದ್ದು ನಾಲ್ಕು ಬೆರಳಾಯಿತು.

"ಮೂವತ್ತು ವರ್ಷ ಕಾಲರ್ ಹೊಲಿದವಳಿಗೆ ಗೆರೆ ಕಾಣಲ್ವಾ?"

"ಹೊಲಿದೋಳು ನಾನು, ಕತ್ತರಿಸಿದೋರು ನೀವು! ನಂಗೇನು ಗೊತ್ತು?"

ಅವರು ದನಿಯೇರಿಸಿ ಏಳು ತಿಂಗಳಾಗಿತ್ತು. ಅವಳು ಕಣ್ಣೊರೆಸಿಕೊಂಡು, ಬೇರೆ ಬಟ್ಟೆ ಹಾಸಿದಳು. ಶರ್ಟ್ ಮುಗಿದ ಮೇಲೆ ಅವರು ಒಂದೇ ಕೈಯಲ್ಲಿ ಅದನ್ನು ಹಾಕಿಕೊಳ್ಳುವುದನ್ನು ಒಂಬತ್ತು ಚಿತ್ರಗಳಲ್ಲಿ ತೆಗೆದಳು. ಬನಿಯನ್ನಿನಲ್ಲಿ, ಸೋತ ಕೈ ಕಾಣುವಂತೆ ನಿಲ್ಲಲು ನಾಚಿಕೆಯಾಗಬಹುದೆಂದು ಅವರು ಕಾದರು. ಆಗಲಿಲ್ಲ.

ಚಿತ್ರ, ಅಳತೆ ಎರಡೂ ಆರು ಸಾಲಿನ ಪುಟ ಸೇರಿದವು. ಮುಂದಿನ ತಿಂಗಳು ಆ ಪುಟಕ್ಕೆ ಇಪ್ಪತ್ತಾರು ಮಂದಿ ಬಂದರು. ಸರಾಸರಿ ನಾಲ್ಕು ನಿಮಿಷ ನಿಂತರು. "ಈಗ ಖುಷೀನಾ?" ಎಂದು ಹೆಂಡತಿ ಕೇಳಿದ್ದಕ್ಕೆ, "ಗೊತ್ತಾಗ್ತಿಲ್ಲ," ಎಂದರು. ಅವಳೂ ಒತ್ತಾಯಿಸಲಿಲ್ಲ.

ಅದೇ ವಾರ ಪುಟದ ಕೆಳಗೆ ಯಾರೋ ಬರೆದಿದ್ದರು: ನಮ್ಮ ತಂದೆಗೆ ಹೋಗಿರುವುದು ಎಡಗೈ, ನಿಮ್ಮ ಅಳತೆ ತಿರುವುಮುರುವು ಮಾಡಿದರೆ ಆಗುತ್ತದೆಯೇ? ಮಾಸ್ತರರು ಅದನ್ನು ಎರಡು ಸಲ ಓದಿದರು. ಎದ್ದುಹೋಗಿ ಶರ್ಟಿನ ಕಾಗದದ ಮಾದರಿಯನ್ನು ಮೇಜಿನ ಮೇಲೆ ಮಗುಚಿ ಹಾಸಿ, ಎಡಗೈಯಿಂದ ಮಡಿಕೆ ನೀವಿದರು. ಅಂಟುಪಟ್ಟಿಯ ಮಗ್ಗುಲು ಬದಲಾಗಬೇಕಿತ್ತು. ಮೂರನೇ ಗುಂಡಿಯ ಹತ್ತಿರ ಏನೋ ಕೂಡುತ್ತಿರಲಿಲ್ಲ.

"ಇನ್ನೊಂದು ಶರ್ಟಾ? ಎಷ್ಟು ಜನ ಕೇಳಿದಾರೆ?" ಎಂದಳು ಹೆಂಡತಿ, ಕತ್ತರಿ ಹುಡುಕುತ್ತ.

"ಒಬ್ಬರು," ಎಂದು ಅವರು ಸೀಮೆಸುಣ್ಣ ಕೈಗೆತ್ತಿಕೊಂಡರು. ಎಡಗೈಯಲ್ಲಿ ಎಳೆದ ಗೆರೆ ಸೊಟ್ಟಗಾಯಿತು. ಅಳಿಸಿ, ಮತ್ತೆ ಎಳೆದರು.